ತಪಸ್ಸುಕಾಲಕ್ಕೆ ಒಂದು ಆಪ್: 'ಪ್ರೇ ಆ್ಯಸ್ ಯು ಗೋ' ಹೇಗಿದೆ?

ನಮ್ಮ ಹಾಸನದ ಕಡೆ ತಪಸ್ಸುಕಾಲ, ಅಂದರೆ ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನದ ಪ್ರಾರ್ಥನೆ, ಉಪವಾಸದ ಕಾಲ, ಬರುವುದೇ ವರ್ಷದಲ್ಲಿ ಪುರುಸೊತ್ತಿಲ್ಲದ ಹೊತ್ತಿಗೆ. ಮಕ್ಕಳಿಗೆ ಪರೀಕ್ಷೆ, ಆಫೀಸಿನಲ್ಲಿ ಮಾರ್ಚ್ ತಿಂಗಳ ಲೆಕ್ಕ, ಸಕಲೇಶಪುರದ ಕಡೆ ಕಾಫಿ ತೋಟ ಇರುವವರಿಗೆ ಹೂಮಳೆ ಬರುತ್ತಾ ಇಲ್ವಾ ಅಂತ ಆಕಾಶ ನೋಡುವ ಚಿಂತೆ. ಈ ವರ್ಷ, ಅಂದರೆ 2026ರಲ್ಲಿ, ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರ ಫೆಬ್ರವರಿ 18ಕ್ಕೆ ಬಂತು. ಹಣೆಗೆ ಬೂದಿ ಹಚ್ಚಿಸಿಕೊಂಡು ಅಲ್ಲಿಂದ ನೇರ ಬಸ್ ಸ್ಟ್ಯಾಂಡಿಗೆ ಓಡುವವರು ನಮ್ಮಲ್ಲಿ ಜಾಸ್ತಿ. ಅಂಥವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

'ಪ್ರೇ ಆ್ಯಸ್ ಯು ಗೋ' ಅಂದರೆ ಕಿವಿಯಲ್ಲಿ ಕೇಳುತ್ತಾ ಮಾಡುವ ಪ್ರಾರ್ಥನೆ. ಬ್ರಿಟನ್ನಿನ ಜೆಸ್ವಿಟ್ (ಯೇಸುಸಭೆ ಅನ್ನುವ ಕಥೋಲಿಕ ಗುರುಗಳ ಸಂಘ) ಫಾದರ್‌ಗಳು 2006ರಲ್ಲಿ ಶುರು ಮಾಡಿದ್ದು ಇದು. ಕೆಲಸಕ್ಕೆ ಹೋಗಿಬರುವವರು ದಾರಿಯಲ್ಲೇ ಕೇಳಿ ಪ್ರಾರ್ಥಿಸಲಿ ಅನ್ನುವುದು ಉದ್ದೇಶ. ಪೂರ್ತಿ ಉಚಿತ, ದಾನದ ಹಣದಲ್ಲಿ ನಡೆಯುತ್ತದೆ. ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೊಂದು ಪ್ರಾರ್ಥನೆಯ ರೆಕಾರ್ಡಿಂಗ್, ವಾರದ ಕೊನೆಗೆ ಒಂದು. ಪ್ರತಿಯೊಂದೂ 10ರಿಂದ 13 ನಿಮಿಷ. ಗಂಟೆಯ ನಾದ, ಒಂದು ಹಾಡು, ಬೈಬಲ್ ವಾಚನ, ಒಂದೆರಡು ಪ್ರಶ್ನೆ, ಸಾಮಾನ್ಯವಾಗಿ ಅದೇ ವಾಚನ ಇನ್ನೊಂದು ಸಲ, ಕೊನೆಗೆ ತ್ರಿತ್ವಸ್ತುತಿ, ಅಂದರೆ ಪಿತ, ಸುತ, ಪವಿತ್ರಾತ್ಮರಿಗೆ ಮಹಿಮೆ ಹೇಳುವ ಪುಟ್ಟ ಪ್ರಾರ್ಥನೆ. ಅಷ್ಟೇ.

ನನಗೆ ಇದರಲ್ಲಿ ತುಂಬಾ ಹಿಡಿಸಿದ್ದು ಮಾತಲ್ಲ, ಮಾತಿನ ನಡುವೆ ಬಿಡುವ ಜಾಗ. ಪ್ರಶ್ನೆ ಕೇಳಿ ಸುಮ್ಮನಾಗುತ್ತಾರೆ. ಉತ್ತರ ಅವರು ಹೇಳುವುದಿಲ್ಲ, ಪ್ರವಚನಕ್ಕೂ ಇಳಿಯುವುದಿಲ್ಲ, ನೀವು ದೇವರ ಹತ್ತಿರ ಏನು ಹೇಳಬೇಕೋ ಹೇಳಿಕೊಳ್ಳಿ ಅಂತ ಬಿಟ್ಟುಬಿಡುತ್ತಾರೆ. ಮೊದಮೊದಲು ಆ ಮೌನ ಕಷ್ಟ ಅನಿಸುತ್ತದೆ, ಕೈ ತಾನಾಗಿ ವಾಟ್ಸಾಪ್ ಕಡೆ ಹೋಗುತ್ತದೆ. ಹೋಗಲಿ ಬಿಡಿ, ವಾಪಸ್ ಬನ್ನಿ. ಹಾಸನದಿಂದ ಬೇಲೂರು ಮೇಲೆ ಚಿಕ್ಕಮಗಳೂರಿಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್ ಸೀಟಿ, ಚಿಲ್ಲರೆ ಜಗಳ, ಮುಂದಿನ ಸೀಟಿನವರ ಫೋನ್ ಎಲ್ಲ ಇದ್ದೂ ಆ ಹತ್ತು ನಿಮಿಷ ನಿಜವಾಗಿ ನಿಲ್ಲುವುದಕ್ಕೆ ಆಗುತ್ತದೆ. ಬೂದಿ ಬುಧವಾರ ಓದುವ ಶುಭಸಂದೇಶದಲ್ಲಿ (ಯೇಸುವಿನ ಜೀವನ ಹೇಳುವ ಬೈಬಲ್ ಭಾಗ) ಯೇಸು ಹೇಳುವುದೂ ಇದನ್ನೇ ಅಲ್ವಾ, ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಂಡು ಪ್ರಾರ್ಥಿಸು ಅಂತ. ಬೇರೆ ಕೋಣೆ ಇಲ್ಲದ ಮನೆಗಳಲ್ಲಿ ಇಯರ್‌ಫೋನ್ ಹಾಕಿಕೊಂಡರೆ ಬಾಗಿಲು ಮುಚ್ಚಿದ ಹಾಗೇ.

ಇನ್ನೊಂದು ದೊಡ್ಡ ಅನುಕೂಲ ಇದೆ. ಇಲ್ಲಿ ಬರುವುದು ಹೆಚ್ಚಾಗಿ ಆ ದಿನ ಚರ್ಚಿನ ಪೂಜೆಯಲ್ಲಿ ಓದುವ ಬೈಬಲ್ ವಾಚನವೇ. ನಮ್ಮ ರೋಮನ್ ಪದ್ಧತಿಯ ಕಥೋಲಿಕರಿಗೆ ಎಲ್ಲ ಕಡೆ ಪಂಚಾಂಗ ಹೆಚ್ಚುಕಡಿಮೆ ಒಂದೇ ಆದ್ದರಿಂದ ನಮ್ಮ ಚರ್ಚಿನಲ್ಲಿ ಕನ್ನಡದಲ್ಲಿ ಓದುವುದೂ ಸಾಮಾನ್ಯವಾಗಿ ಅದೇ ಭಾಗ. ಈ ವರ್ಷ ತಪಸ್ಸುಕಾಲದ ಮೂರನೇ ಭಾನುವಾರಕ್ಕೆ ಬಂದದ್ದು ಯೊವಾನ್ನನ ಶುಭಸಂದೇಶದ 4ನೇ ಅಧ್ಯಾಯ. ನಡುಮಧ್ಯಾಹ್ನ, ಬಾವಿಯ ಹತ್ತಿರ ದಣಿದು ಕೂತ ಯೇಸು, ನೀರಿಗೆ ಬಂದ ಸಮಾರಿಯದ ಹೆಂಗಸು. ಜೆಸ್ವಿಟ್ ಸಂಘ ಕಟ್ಟಿದ ಸಂತ ಇಗ್ನಾಸಿಯವರ ರೀತಿಯ ಪ್ರಾರ್ಥನೆ ಅಂದರೆ ಕಥೆಯ ಒಳಗೆ ಹೋಗಿ ನಿಲ್ಲುವುದು, ಅಲ್ಲಿನ ಬಿಸಿಲು, ಬಾಯಾರಿಕೆ, ಅವಳ ಸಂಕೋಚ ಎಲ್ಲವನ್ನೂ ಕಣ್ಣಾರೆ ಕಂಡ ಹಾಗೆ. ನನ್ನ ಕಣ್ಣಿಗೆ ಬಂದದ್ದು ಹಳ್ಳಿಯ ಬೋರ್‌ವೆಲ್ ಮುಂದೆ ಸಾಲಾಗಿ ಇಟ್ಟ ಪ್ಲಾಸ್ಟಿಕ್ ಕೊಡಗಳು. ಅವಳು ಕೊನೆಗೆ ಕೊಡವನ್ನು ಅಲ್ಲೇ ಬಿಟ್ಟು ಊರೊಳಗೆ ಓಡುತ್ತಾಳೆ. ಚಿಕ್ಕಂದಿನಿಂದ ಕೇಳಿದ ವಾಚನ, ಆದರೂ ಈ ಒಂದು ಸಾಲು ಕಿವಿಗೆ ಬಿದ್ದಿರಲೇ ಇಲ್ಲ. ನೀರಿಗೆ ಅಂತಲೇ ಬಂದವಳು ನೀರನ್ನೇ ಮರೆತಳು! ಆ ಯೋಚನೆ ಇಡೀ ವಾರ ನನ್ನ ಜೊತೆ ಇತ್ತು.

ಕೊರತೆ ಏನು ಅಂದರೆ ಭಾಷೆ. ಇಂಗ್ಲಿಷ್, ಅದೂ ಬ್ರಿಟಿಷರ ಉಚ್ಚಾರಣೆ. ನಿಧಾನವಾಗಿಯೇ ಓದುತ್ತಾರೆ, ಆದರೆ ನಮ್ಮ ಅಮ್ಮನಿಗೆ, ಚಿಕ್ಕಮ್ಮನಿಗೆ ಇದು ಉಪಯೋಗವಿಲ್ಲ. ಇಂಗ್ಲಿಷ್ ಅಷ್ಟಾಗಿ ಬಾರದವರು ಆ ದಿನದ ಭಾಗವನ್ನು ಮೊದಲು ಕನ್ನಡ ಬೈಬಲಿನಲ್ಲಿ ಓದಿಕೊಂಡು ಆಮೇಲೆ ಕೇಳಿದರೆ ಎಷ್ಟೋ ಸುಲಭ. ಘಾಟಿ ಕಡೆ ಹೋಗುವವರು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ, ಅಲ್ಲಿ ಸಿಗ್ನಲ್ ನಂಬಬೇಡಿ.

ಒಂದು ಮಾತು ಒತ್ತಿ ಹೇಳುತ್ತೇನೆ. ಪ್ರಾರ್ಥನೆ, ಉಪವಾಸ, ದಾನ ಮೂರೂ ಸೇರಿದರೇ ತಪಸ್ಸುಕಾಲ. ಆಪ್ ಕೊಡುವುದು ಮೊದಲನೆಯದರಲ್ಲಿ ಒಂದು ಪಾಲು ಮಾತ್ರ. ಯೇಸುವಿನ ಕಡೆಯ ಯಾತನೆಯನ್ನು ನೆನೆಯುವ ಶುಕ್ರವಾರದ ಶಿಲುಬೆ ಹಾದಿಯಲ್ಲಿ 14 ಸ್ಥಳಗಳಿಗೂ ಎಲ್ಲರ ಜೊತೆ ಮೊಣಕಾಲೂರುವುದು, ಫಾದರ್ ಹತ್ತಿರ ತಪ್ಪು ಹೇಳಿಕೊಳ್ಳುವ ಪಾಪನಿವೇದನೆಗೆ ಸಾಲಿನಲ್ಲಿ ನಿಲ್ಲುವುದು, ಒಂದು ಹೊತ್ತಿನ ಊಟ ಬಿಟ್ಟು ಉಳಿದ ದುಡ್ಡನ್ನು ಬೇಕಾದವರಿಗೆ ಕೊಡುವುದು, ಇವು ಫೋನಿನಲ್ಲಿ ಆಗುವುದಿಲ್ಲ. ಇದನ್ನು ಕೇಳಿಬಿಟ್ಟೆ, ಇನ್ನು ಚರ್ಚಿಗೆ ಯಾಕೆ ಅನ್ನುವವರಿಗೆ ಈ ಆಪ್ ಬೇಡವೇ ಬೇಡ.

ಪುರುಸೊತ್ತು ಇದ್ದವರು ಶೆಟ್ಟಿಹಳ್ಳಿಗೆ ಹೋಗಿ ಕೇಳಿ. ಫ್ರೆಂಚ್ ಮಿಷನರಿಗಳು 1860ರ ದಶಕದಲ್ಲಿ ಕಟ್ಟಿದ ಚರ್ಚು, ಹೇಮಾವತಿ ಅಣೆಕಟ್ಟೆಯ ಹಿನ್ನೀರಿಗೆ ಸೇರಿಹೋಗಿದೆ. ಮಳೆಗಾಲದಲ್ಲಿ ಅರ್ಧ ಮುಳುಗಿರುತ್ತದೆ, ತಪಸ್ಸುಕಾಲದ ಹೊತ್ತಿಗೆ ಸಾಮಾನ್ಯವಾಗಿ ನೀರು ಇಳಿದಿರುತ್ತದೆ. ಭಾನುವಾರ ಬೇಡ, ಫೋಟೋ ತೆಗೆಯುವವರ ಗದ್ದಲ. ವಾರದ ದಿನ ಬೆಳಿಗ್ಗೆ ಬೇಗ ಹೋಗಿ.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಒಂದು ಕಳೆದದ್ದು ಕನ್ನಡ ಇಲ್ಲದ್ದಕ್ಕೆ. ಪೋರ್ಚುಗೀಸ್, ಸ್ಪ್ಯಾನಿಷ್, ಫ್ರೆಂಚ್ ಭಾಷೆಗಳಲ್ಲಿ ಇದೇ ತರಹದ್ದನ್ನು ಅಲ್ಲಲ್ಲಿನವರು ಮಾಡಿಕೊಂಡಿದ್ದಾರೆ. ಹಾಸನವೂ ಸೇರಿದ ನಮ್ಮ ಚಿಕ್ಕಮಗಳೂರು ಧರ್ಮಪ್ರಾಂತ್ಯದಲ್ಲಿ (ಒಬ್ಬ ಬಿಷಪ್ ನೋಡಿಕೊಳ್ಳುವ ಪ್ರದೇಶ) ಚೆನ್ನಾಗಿ ಓದುವವರು, ಹಾಡುವವರು ಎಷ್ಟು ಜನ ಇಲ್ಲ! ವಾರಕ್ಕೊಂದಾದರೂ ಕನ್ನಡದಲ್ಲಿ ರೆಕಾರ್ಡ್ ಮಾಡಿ ವಾಟ್ಸಾಪಿನಲ್ಲಿ ಕಳಿಸಿದರೂ ಸಾಕು, ಅಮ್ಮಂದಿರು ಕೇಳುತ್ತಾರೆ. ಯಾರಾದರೂ ಶುರು ಮಾಡುವುದಾದರೆ ವಾಚನ ಓದುವುದಕ್ಕೆ ನಾನು ಬರುತ್ತೇನೆ.