15 ಎಂಎಂ ಡಿಎ ಪಾಲಿಶರ್: ಬಾನೆಟ್‌ಗೆ ಹತ್ತಕ್ಕೆ ಒಂಬತ್ತು, ಫೆಂಡರ್‌ಗೆ ನಾಲ್ಕು

ಕಾರಿನ ಪೇಂಟ್ ಮೇಲಿನ ಗೀರು ತೆಗೆಯುವ ಈ ಡಿಎ (ಡ್ಯುಯಲ್ ಆಕ್ಷನ್, ಅಂದರೆ ಪ್ಯಾಡ್ ಸುತ್ತುತ್ತಾ ಓಲಾಡುವ) ಮೆಷಿನ್ ಕೊಂಡು ವರ್ಷಗಳೇ ಆದವು. 15 ಎಂಎಂ ಅನ್ನುವುದು ಆ ಓಲಾಟದ ಅಗಲ. ಚೆನ್ನಾಗಿದೆಯಾ ಅಂತ ಯಾರಾದರೂ ಕೇಳಿದರೆ, ನಿಮ್ಮ ಕಾರಿನ ಪೇಂಟ್ ಗಟ್ಟಿಯೋ ಮೆತ್ತಗೋ ಅಂತ ನಾನು ತಿರುಗಿ ಕೇಳುತ್ತೇನೆ. ಮೆತ್ತಗಿದ್ದರೆ ಹೆಚ್ಚು ಕಡಿಮೆ ಯಾವ ಪಾಲಿಶರ್ ಆದರೂ ನಡೆಯುತ್ತದೆ, ಇಷ್ಟುದ್ದದ ವಿಮರ್ಶೆ ಓದಬೇಕಾಗಿಲ್ಲ. ಗಟ್ಟಿ ಕ್ಲಿಯರ್ ಕೋಟ್ (ಬಣ್ಣದ ಮೇಲಿನ ಪಾರದರ್ಶಕ ಪದರ) ಆದರೆ ಓದಿ. ಹೊಗಳಿಕೆ ಜಾಸ್ತಿ ಇದೆ, ಆದರೆ ಒಂದು ದೂರು ಎಲ್ಲವನ್ನೂ ನುಂಗಿಹಾಕುವಷ್ಟು ದೊಡ್ಡದಿದೆ.

ವ್ಯಾಟ್, ತೂಕ, ವೈರಿನ ಉದ್ದ ಎಲ್ಲ ಡಬ್ಬದ ಮೇಲೆಯೇ ಇರುತ್ತದೆ, ಅದನ್ನು ಬಿಡುತ್ತೇನೆ.

ನನ್ನದು ಕಪ್ಪು ಕಾರು, ಕಲ್ಲಿನಂಥ ಕ್ಲಿಯರ್ ಕೋಟ್. ಗಟ್ಟಿ ಪೇಂಟ್ ಅಂದರೆ ಗೀರು ಬೀಳುವುದಿಲ್ಲ ಅಂತ ತುಂಬಾ ಜನ ನಂಬಿದ್ದಾರೆ. ಬೀಳುತ್ತದೆ, ಸ್ವಲ್ಪ ನಿಧಾನ ಅಷ್ಟೇ. ತೆಗೆಯುವುದು ಅದಕ್ಕಿಂತ ನಿಧಾನ. 2003ರಲ್ಲಿ ಮರ್ಸಿಡಿಸ್ ನ್ಯಾನೋ ಸೆರಾಮಿಕ್ ಕಣಗಳಿರುವ ಕ್ಲಿಯರ್ ಕೋಟ್ ತಂದಿತು. ಗೀರು ಕಡಿಮೆಯಾಗಲಿ ಅಂತ ಮಾಡಿದ್ದು. ಬಿದ್ದ ಗೀರನ್ನು ತೆಗೆಯುವ ಕೈಗಳಿಗೆ ಅದೇ ತಲೆನೋವು. ನನ್ನ ಕಾರು ಅಷ್ಟು ದೊಡ್ಡ ಮನೆತನದ್ದಲ್ಲ, ಆದರೆ ಹಟ ಮಾತ್ರ ಅದೇ.

ಬಿಸಿಲಿಗೆ ನಿಲ್ಲಿಸಿದರೆ ಬಾನೆಟ್ ಮೇಲೆ ಸೂರ್ಯನ ಸುತ್ತ ಉಂಗುರ ಉಂಗುರವಾಗಿ ಸಣ್ಣ ಗೆರೆಗಳು ಕಾಣುತ್ತವಲ್ವಾ? ಅವೇ ಸ್ವರ್ಲ್. ಹೆಚ್ಚಿನವು ಕಾರು ತೊಳೆಯುವಾಗ, ಒರೆಸುವಾಗ ಬೀಳುವಂಥವು. ವಿಚಿತ್ರ ಏನೆಂದರೆ ಆ ಗೀರುಗಳು ದುಂಡಗೆ ಬಿದ್ದಿರಬೇಕು ಅಂತೇನೂ ಇಲ್ಲ. ಎಲ್ಲ ದಿಕ್ಕಿಗೂ ಅಡ್ಡಾದಿಡ್ಡಿ ಬಿದ್ದಿರುತ್ತವೆ. ಅದರಲ್ಲಿ ಬೆಳಕಿಗೆ ಅಡ್ಡಲಾಗಿರುವವು ಮಾತ್ರ ಮಿನುಗುತ್ತವೆ, ಉಳಿದವು ಸುಮ್ನೆ ಅಡಗಿರುತ್ತವೆ. ಟಾರ್ಚ್ ಸರಿಸಿ ನೋಡಿ, ಉಂಗುರವೂ ಜೊತೆಗೇ ಸರಿಯುತ್ತದೆ. ಅದಕ್ಕೇ ಕೆಲಸ ಆಯಿತೋ ಇಲ್ಲವೋ ಅಂತ ನೋಡಲು ಟ್ಯೂಬ್‌ಲೈಟ್ ಸಾಲದು. ಒಂದೇ ಬಿಂದುವಿನಿಂದ ಬರುವ ಬೆಳಕು ಬೇಕು. ಟ್ಯೂಬ್‌ಲೈಟ್ ಕೆಳಗೆ ಎಲ್ಲ ಕಾರೂ ಹೊಸದೇ.

ಮೊದಲು ಬಾನೆಟ್ ಮಾತು. ಈ ಮೆಷಿನ್ ಬಾನೆಟ್ ಮೇಲೆ ಕೆಲಸ ಮಾಡುವುದನ್ನು ನೋಡುವುದೇ ಒಂದು ಖುಷಿ. ಗಟ್ಟಿ ಪೇಂಟ್‌ಗೆ ಫೋಮ್ ಪ್ಯಾಡ್ ಹಾಕಿದರೆ ಹೊಳಪು ಬರುತ್ತದೆ, ಗೀರು ಹಾಗೇ ಕೂತಿರುತ್ತದೆ. ಮೈಕ್ರೋಫೈಬರ್ ಕಟಿಂಗ್ ಪ್ಯಾಡ್ ಹಾಕಿದ ಮೇಲೆಯೇ ಆಟ ಶುರು. ಆ ಸಣ್ಣ ಎಳೆಗಳೇ ಪೇಂಟನ್ನು ತುಸು ತುಸು ಕೆರೆಯುತ್ತವೆ, ಪ್ಯಾಡಿಗೆ ಹಚ್ಚುವ ಉಜ್ಜುವ ದ್ರವದಲ್ಲಿ, ಅಂದರೆ ಕಾಂಪೌಂಡ್‌ನಲ್ಲಿ, ಇರುವ ಅಲ್ಯುಮಿನಿಯಂ ಆಕ್ಸೈಡ್ ಉಳಿದ ಕೆಲಸ ಮಾಡುತ್ತದೆ. ಒಂದು ಸಲಕ್ಕೆ ಅರ್ಧ ಮೀಟರ್ ಚೌಕದಷ್ಟೇ ಜಾಗ. ಅದಕ್ಕಿಂತ ದೊಡ್ಡದು ಹಿಡಿದರೆ ಅರ್ಧಕ್ಕೇ ಕಾಂಪೌಂಡ್ ಒಣಗುತ್ತದೆ. ಉದ್ದಕ್ಕೆ ಒಂದು ಸುತ್ತು, ಅಡ್ಡಕ್ಕೆ ಒಂದು ಸುತ್ತು, ಪ್ರತಿ ಸಾಲೂ ಹಿಂದಿನ ಸಾಲಿನ ಅರ್ಧವನ್ನು ಮುಚ್ಚಬೇಕು. ಕೈ ಓಡಬಾರದು. ಸೆಕೆಂಡಿಗೆ ಎರಡು ಮೂರು ಸೆಂಟಿಮೀಟರ್ ಸಾಕು. ನೋಡುವವರಿಗೆ ಬೇಜಾರು ಬರುವಷ್ಟು ನಿಧಾನ.

ಇದರಲ್ಲಿ ನಾನು ತುಂಬಾ ಇಷ್ಟಪಡುವ ಭಾಗ ಪಾಲಿಶ್ ಮಾಡುವುದಲ್ಲ, ಪ್ಯಾಡ್ ಕೊಡವುವುದು. ಪ್ರತಿ ಚೌಕ ಮುಗಿದ ಮೇಲೆ ಕಾರಿನಿಂದ ದೂರ ಹೋಗಿ, ಮೆಷಿನ್ ಮಗುಚಿ ಹಿಡಿದು, ಕಡಿಮೆ ಸ್ಪೀಡಿನಲ್ಲಿ ತಿರುಗಿಸುತ್ತಾ ನೈಲಾನ್ ಬ್ರಷ್ ಮೆತ್ತಗೆ ಒತ್ತುತ್ತೇನೆ. ಒಣಗಿದ ಕಾಂಪೌಂಡ್ ಮತ್ತು ಕಿತ್ತು ಬಂದ ಕ್ಲಿಯರ್ ಕೋಟ್ ಬಿಳಿ ಪುಡಿಯಾಗಿ ಹಾರುತ್ತದೆ. ಮಾಸ್ಕ್ ಇರಲೇಬೇಕು. ಅಂಟಿಕೊಂಡು ಮಲಗಿದ್ದ ಎಳೆಗಳು ಎದ್ದು ನಿಲ್ಲುತ್ತವೆ, ಪ್ಯಾಡ್ ಮತ್ತೆ ಉಬ್ಬುತ್ತದೆ. ಆಮೇಲೆ ಮೂರು ನಾಲ್ಕು ಹನಿ ಹೊಸ ಕಾಂಪೌಂಡ್. ಇದನ್ನು ತಪ್ಪಿಸಿ ಸಮಯ ಉಳಿಸೋಣ ಅಂದರೆ ಎರಡೇ ಚೌಕದಲ್ಲಿ ಪ್ಯಾಡ್ ಕಟ್ ಮಾಡುವುದನ್ನು ನಿಲ್ಲಿಸುತ್ತದೆ. ಗಟ್ಟಿ ಪೇಂಟ್‌ನಲ್ಲಿ ಜನ ಕಾಂಪೌಂಡ್ ಬದಲಿಸುತ್ತಾರೆ, ಇನ್ನೂ ಕಟುವಾದದ್ದು ಹುಡುಕುತ್ತಾರೆ. ಪ್ಯಾಡ್ ತುಂಬಿಹೋಗಿದೆ ಅಂತ ತಲೆಗೆ ಬರುವುದೇ ಇಲ್ಲ. ಇಡೀ ಕಾರಿಗೆ ಒಂದೇ ಪ್ಯಾಡ್ ಸಾಕು ಅಂತ ಹೇಳುವವರನ್ನು ನಂಬಬೇಡಿ. ಐದಾರು ಇಟ್ಟುಕೊಂಡು ಬದಲಿಸುತ್ತಾ ಹೋಗಬೇಕು. ಬಿಸಿಯಾದದ್ದನ್ನು ಪಕ್ಕಕ್ಕಿಟ್ಟರೆ ತಣ್ಣಗಾಗುತ್ತದೆ, ಅಷ್ಟರಲ್ಲಿ ಇನ್ನೊಂದು ದುಡಿಯುತ್ತದೆ.

ನಾನು ಎಣಿಸದೇ ಇದ್ದ ಸಂತೋಷ ಇನ್ನೊಂದಿದೆ. ಕಟ್ ಮಾಡಿದ ಮೇಲೆ ಕಪ್ಪು ಬಣ್ಣದ ಮೇಲೆ ಮಬ್ಬು ಉಳಿಯುತ್ತದೆ, ಅದನ್ನು ತೆಗೆಯಲು ಇನ್ನೊಂದು ದಿನ ಬೇಕು ಅಂತ ಅಂದುಕೊಂಡಿದ್ದೆ. ಮೆತ್ತಗಿನ ಕಪ್ಪು ಪೇಂಟ್‌ನಲ್ಲಿ ಅದು ನಿಜ, ಅಲ್ಲಿ ಮೈಕ್ರೋಫೈಬರ್ ಪ್ಯಾಡೇ ಹೊಸ ಗುರುತು ಬಿಡುತ್ತದೆ. ಗಟ್ಟಿ ಪೇಂಟ್ ಅಷ್ಟು ಸುಲಭಕ್ಕೆ ಗುರುತು ಹಿಡಿಯುವುದಿಲ್ಲ. ಫಿನಿಶಿಂಗ್ ಫೋಮ್ ಪ್ಯಾಡ್‌ನಲ್ಲಿ ಹಗುರವಾಗಿ ಒಂದು ಸುತ್ತು ಹೋದರೆ ಬಾನೆಟ್ ಕನ್ನಡಿ. ಗೀರು ತೆಗೆಯುವಾಗ ಸತಾಯಿಸಿದ ಪೇಂಟೇ ಕೊನೆಯ ಹಂತದಲ್ಲಿ ಸಹಕರಿಸುತ್ತದೆ. ಒಂದೇ ಎಚ್ಚರ: ನೀರು ಬೆರೆಸಿದ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ ನೋಡದೆ ಬೀಗಬೇಡಿ. ಪಾಲಿಶ್‌ನಲ್ಲಿರುವ ಎಣ್ಣೆ ಸಣ್ಣ ಗೀರುಗಳ ಮೇಲೆ ಕೂತು ಮುಚ್ಚಿಡುತ್ತದೆ, ಕೆಲವು ತೊಳೆತ ಆದ ಮೇಲೆ ಗೀರು ಮತ್ತೆ ಹಾಜರ್.

ಬಾನೆಟ್, ರೂಫ್, ಡಿಕ್ಕಿಯ ಮೇಲ್ಭಾಗ, ಬಾಗಿಲಿನ ಚಪ್ಪಟೆ ಜಾಗ. ಇಲ್ಲಿಯವರೆಗೆ ಹತ್ತಕ್ಕೆ ಒಂಬತ್ತು ಕೊಡುತ್ತೇನೆ. ಚಕ್ರದ ಮೇಲಿನ ಬಾಗಿದ ಭಾಗ, ಫೆಂಡರ್ ಬಂತು ನೋಡಿ, ಅಲ್ಲಿಗೆ ನಮ್ಮಿಬ್ಬರ ಸ್ನೇಹ ಮುಗಿಯಿತು.

ಬಾಗಿದ ಜಾಗಕ್ಕೆ ಬಂದರೆ ಪ್ಯಾಡ್ ತಿರುಗುವುದನ್ನೇ ನಿಲ್ಲಿಸುತ್ತದೆ. ಮೋಟರ್ ಸದ್ದು ಹಾಗೇ ಇರುತ್ತದೆ, ಪ್ಯಾಡ್ ಮಾತ್ರ ನಿಂತಲ್ಲೇ ನಡುಗುತ್ತದೆ. ಕಾರಣ ಸರಳ. ಈ ಬಗೆಯ ಡಿಎಯಲ್ಲಿ ಮೋಟರ್ ಪ್ಯಾಡನ್ನು ನೇರವಾಗಿ ತಿರುಗಿಸುವುದಿಲ್ಲ, ಕೇಂದ್ರದಿಂದ ಸರಿದ ದಾರಿಯಲ್ಲಿ ಓಡಾಡಿಸುತ್ತದೆ ಅಷ್ಟೇ. ಸುತ್ತುವುದು ಬೇರಿಂಗ್ ಮೇಲೆ ತಾನಾಗಿ. ಪ್ಯಾಡ್ ಚಪ್ಪಟೆಯಾಗಿ ಕೂತಿದ್ದರೆ ಸಲೀಸಾಗಿ ಸುತ್ತುತ್ತದೆ. ಒಂದು ಅಂಚಿಗೆ ಮಾತ್ರ ಒತ್ತಡ ಬಿದ್ದರೆ ಸುತ್ತು ಸತ್ತಿತು. ಮೆತ್ತಗಿನ ಪೇಂಟ್‌ನಲ್ಲಿ ಆ ನಡುಕದಲ್ಲೇ ಅಷ್ಟಿಷ್ಟು ಗೀರು ಹೋದೀತು. ಗಟ್ಟಿ ಪೇಂಟ್‌ನಲ್ಲಿ ಏನೂ ಆಗುವುದಿಲ್ಲ, ಪೇಂಟ್ ಬಿಸಿಯಾಗುತ್ತದೆ ಮತ್ತು ನಿಮ್ಮ ಕೈ ಜೋಮು ಹಿಡಿಯುತ್ತದೆ. ಪ್ಯಾಡ್ ಅಂಟಿಕೊಳ್ಳುವ ಬ್ಯಾಕಿಂಗ್ ಪ್ಲೇಟ್ ಅಂಚಿನಲ್ಲಿ ಮಾರ್ಕರ್‌ನಿಂದ ಒಂದು ಗೆರೆ ಎಳೆದಿದ್ದೇನೆ. ಗೆರೆ ಮಸುಕಾಗಿ ಕಂಡರೆ ಸುತ್ತುತ್ತಿದೆ, ಸ್ಪಷ್ಟವಾಗಿ ಕಂಡರೆ ನಿಂತಿದೆ. ಫೆಂಡರ್ ಮೇಲೆ ಆ ಗೆರೆಯನ್ನು ಓದಿ ಓದಿ ಬಾಯಿಪಾಠವಾಗಿದೆ.

ಒತ್ತಿ ಹಿಡಿಯೋಣ ಅಂದರೆ ಇನ್ನೂ ಬೇಗ ನಿಲ್ಲುತ್ತದೆ. ಸ್ಪೀಡ್ ಜಾಸ್ತಿ ಮಾಡಿದರೆ ಬಿಸಿ. ಬಂಪರ್ ಪ್ಲಾಸ್ಟಿಕ್ಕಿನದು, ತಗಡಿನ ಹಾಗೆ ಬಿಸಿಯನ್ನು ಹರಡುವುದಿಲ್ಲ, ಒಂದೇ ಕಡೆ ಕುದಿಯುತ್ತದೆ. ಅಂಚು, ಮಡಿಕೆಗಳಲ್ಲಿ ಕ್ಲಿಯರ್ ಕೋಟ್ ಬೇರೆ ತೆಳ್ಳಗಿರುತ್ತದೆ, ಟೇಪ್ ಹಾಕದೆ ಹತ್ತಿರ ಹೋಗಲು ಧೈರ್ಯ ಸಾಲದು. ಇದರ ನಡುವೆ ನನ್ನ ಮೊದಲ ಬ್ಯಾಕಿಂಗ್ ಪ್ಲೇಟಿನ ನಡುವಿನ ವೆಲ್ಕ್ರೋ ಕೊಕ್ಕೆಗಳು ಬಿಸಿಗೆ ಮೆತ್ತಗಾಗಿ ಹಿಡಿತ ಬಿಟ್ಟವು. ಪ್ಯಾಡ್ ಒಂದು ಕಡೆ, ಮೆಷಿನ್ ಒಂದು ಕಡೆ. ಇದು ಸವೆಯುವ ಭಾಗ ಅಂತ ಕೈಪಿಡಿಯ ಮೊದಲ ಪುಟದಲ್ಲೇ ಬರೆಯಬೇಕಿತ್ತು. ಜೊತೆಗೆ ಒಂದು ಹೆಚ್ಚುವರಿ ಪ್ಲೇಟ್ ಕೊಟ್ಟಿದ್ದರೆ ಅವರ ಗಂಟೇನು ಹೋಗುತ್ತಿತ್ತು?

75 ಎಂಎಂ ಸಣ್ಣ ಪ್ಲೇಟ್ ತಂದು ಇದೇ ಮೆಷಿನ್‌ಗೆ ಹಾಕಿದ ಮೇಲೆ ಸಿಟ್ಟು ಸ್ವಲ್ಪ ಇಳಿಯಿತು. ಪ್ಯಾಡ್ ಚಿಕ್ಕದಾದಷ್ಟೂ ಬಾಗಿದ ಜಾಗದಲ್ಲಿ ಚೆನ್ನಾಗಿ ಕೂರುತ್ತದೆ, ಸುತ್ತುವುದೂ ನಿಲ್ಲುವುದಿಲ್ಲ. ಆದರೆ ಒಳಗಿನ ತೂಕವನ್ನು ದೊಡ್ಡ ಪ್ಯಾಡಿಗೆ ಹೊಂದಿಸಿರುತ್ತಾರೆ, ಹಾಗಾಗಿ ಸಣ್ಣದು ಹಾಕಿದಾಗ ನಡುಕ ಜಾಸ್ತಿ. ಅರ್ಧ ಫೆಂಡರ್, ಬಿಡುವು, ಇನ್ನರ್ಧ ಫೆಂಡರ್. ಹಾಗೆ ಮುಗಿಸುತ್ತೇನೆ.

ಗೆಳೆಯರೊಬ್ಬರ ಗೇರ್ ಇರುವ ಮೆಷಿನ್ ತಂದು ನೋಡಿದ್ದೇನೆ. ಅದರಲ್ಲಿ ಪ್ಯಾಡನ್ನು ಗೇರ್ ಬಲವಂತವಾಗಿ ತಿರುಗಿಸುತ್ತದೆ, ಫೆಂಡರ್ ಆಗಲಿ ಬಂಪರ್ ಆಗಲಿ ನಿಲ್ಲುವ ಮಾತೇ ಇಲ್ಲ. ಕಾರುಗಳ ಮೇಲೆ ಕಾರು ಮಾಡುವವರು ಕಣ್ಣು ಮುಚ್ಚಿ ಅದನ್ನೇ ಕೊಳ್ಳಲಿ. ಆದರೆ ಅದು ಕೈಯನ್ನು ಎಳೆದಾಡುತ್ತದೆ, ಬಿಸಿಯೂ ಹೆಚ್ಚು. ನನಗಿರುವುದು ಒಂದು ಕಾರು, ರಜಾದಿನದ ಬೆಳಗ್ಗೆ. ಫೆಂಡರ್‌ಗೋಸ್ಕರ ಇನ್ನೊಂದು ಮೆಷಿನ್ ಕೊಳ್ಳಲು ಮನಸ್ಸೂ ಇಲ್ಲ, ಜೇಬೂ ಇಲ್ಲ.

ಇಡೀ ಕಾರನ್ನು ಹೀಗೆ ಮತ್ತೆ ಮತ್ತೆ ಕೆರೆಯುವಂತೆಯೂ ಇಲ್ಲ. ಕ್ಲಿಯರ್ ಕೋಟ್ ದಪ್ಪ ಸಾಮಾನ್ಯವಾಗಿ 40, 50 ಮೈಕ್ರಾನ್ ಆಸುಪಾಸು, ತಲೆಕೂದಲಿಗಿಂತ ತೆಳು. ಪೇಂಟ್ ದಪ್ಪ ಅಳೆಯುವ ಅಗ್ಗದ ಗೇಜ್ ಎಲ್ಲ ಪದರಗಳನ್ನೂ ಸೇರಿಸಿ ಒಂದೇ ಅಂಕಿ ತೋರಿಸುತ್ತದೆ, ಕ್ಲಿಯರ್ ಎಷ್ಟು ಉಳಿದಿದೆ ಅಂತ ಹೇಳುವುದಿಲ್ಲ. ಉಗುರಿಗೆ ಸಿಗುವಷ್ಟು ಆಳದ ಗೀರುಗಳನ್ನು ನಾನು ಹಾಗೇ ಬಿಟ್ಟಿದ್ದೇನೆ. ಈಗ ಎರಡು ಬಕೆಟ್ ಇಟ್ಟು ತೊಳೆಯುತ್ತೇನೆ, ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಗ್ಲೌಸ್ ಜಾಲಿಸಲು ಬರೀ ನೀರು. ಕಟಿಂಗ್ ಪ್ಯಾಡ್ ಹೊರಗೆ ಬರುವುದು ಅಪರೂಪ.

ಕೊಳ್ಳುವುದಾದರೆ ಸಣ್ಣ ಪ್ಲೇಟನ್ನೂ ಒಂದು ಹೆಚ್ಚುವರಿ ದೊಡ್ಡ ಪ್ಲೇಟನ್ನೂ ಅದೇ ದಿನ ತರಿಸಿಕೊಳ್ಳಿ. ಕಾರಿನ ಮೈಯೆಲ್ಲ ಉಬ್ಬು ತಗ್ಗು ಇದ್ದರೆ ಗೇರ್ ಮೆಷಿನ್ ನೋಡಿ. ಇನ್ನು ಬಂಪರ್‌ನಲ್ಲಿ ನಂಬರ್ ಪ್ಲೇಟ್ ಸುತ್ತಲಿನ ಸಂದಿ ಹೇಗೆ ಮಾಡುತ್ತೀರಿ ಅಂತ ಕೇಳಬೇಡಿ. ಅಲ್ಲಿ ಕೈಯಲ್ಲೇ ಉಜ್ಜುತ್ತೇನೆ, ಬೈಯುತ್ತಾ.