ಮೂರು ವರ್ಷ, ಐದು ಜನ, ಒಂದು ಪಿನ್: ಒಟಿಟಿಯ ಮಕ್ಕಳ ಪ್ರೊಫೈಲ್ ಬಳಸಿದ ಅನುಭವ

ಮೊದಲ ತಿಂಗಳಲ್ಲಿ ಐದಕ್ಕೆ ನಾಲ್ಕೂವರೆ ಸ್ಟಾರ್ ಕೊಟ್ಟವಳು ನಾನೇ. ಮೂರು ವರ್ಷ ಆದಮೇಲೆ ಈಗ ಎರಡೂವರೆಗೆ ಇಳಿಸುತ್ತಿದ್ದೇನೆ. ಒಟಿಟಿ ಅಂದರೆ ಇಂಟರ್‌ನೆಟ್ ಮೂಲಕ ಮನೆಯಲ್ಲೇ ಸಿನಿಮಾ ತೋರಿಸುವ ಆ್ಯಪ್, ಅದು ಯಾವುದು ಅಂತ ಬರೆಯುವುದಿಲ್ಲ. ಈ ಮೂರು ವರ್ಷದಲ್ಲಿ ಎರಡಕ್ಕೆ ಚಂದಾ ಕಟ್ಟಿದ್ದೇವೆ, ಎರಡರದ್ದೂ ಒಂದೇ ಕತೆ.

ಮೊದಲು ನಮ್ಮ ಮನೆ ಎಂಥದ್ದು ಅಂತ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದೆ ಬರೆಯುವುದು ಅರ್ಥವಾಗುವುದಿಲ್ಲ. ಬಸವೇಶ್ವರನಗರದಲ್ಲಿ ಎರಡು ಬೆಡ್‌ರೂಮಿನ ಮನೆ. ನಾನು, ಯಜಮಾನರು, 12 ವರ್ಷದ ಮಗಳು, 7 ವರ್ಷದ ಮಗ, 74ರ ಅತ್ತೆ. ಮೊದಲೆಲ್ಲ ತಿಂಗಳಿಗೊಂದು ಸಲ ಮಲ್ಟಿಪ್ಲೆಕ್ಸ್‌ಗೆ ಹೋಗುತ್ತಿದ್ದೆವು. ಐದು ಟಿಕೆಟ್, ಪಾಪ್‌ಕಾರ್ನ್, ಪಾರ್ಕಿಂಗ್ ಎಲ್ಲ ಸೇರಿದರೆ ಎರಡು ಸಾವಿರ ಎಲ್ಲಿ ಹೋಯಿತು ಅಂತ ಗೊತ್ತಾಗುತ್ತಿರಲಿಲ್ಲ. ಆಮೇಲೆ ಅತ್ತೆಯ ಮಂಡಿ ನೋವು ಜಾಸ್ತಿಯಾಗಿ, ಕತ್ತಲಲ್ಲಿ ಆ ಮೆಟ್ಟಿಲು ಹತ್ತುವುದು ಆಗದು ಅಂದರು. ಅಲ್ಲಿಂದ ಶನಿವಾರ ರಾತ್ರಿ ಏಳೂವರೆಗೆ ಹಾಲ್‌ನಲ್ಲೇ ಸಿನಿಮಾ. ಚಿತ್ರಾನ್ನವೋ ಅವಲಕ್ಕಿ ಒಗ್ಗರಣೆಯೋ, ಒಂದೇ ಬಗೆ ಅಡುಗೆ, ತಟ್ಟೆ ತೊಡೆ ಮೇಲೆ. ವಾರಕ್ಕೊಬ್ಬರ ಸರದಿ. ಸರದಿ ಯಾರದೋ ಸಿನಿಮಾ ಅವರದು.

ಮಕ್ಕಳ ಪ್ರೊಫೈಲ್ ಮಾಡಿಕೊಂಡದ್ದು ಇದಕ್ಕೇ. ವಯಸ್ಸು ಹಾಕಿದರೆ ಸಾಕು, ಆ ವಯಸ್ಸಿಗೆ ತಕ್ಕದ್ದನ್ನು ಮಾತ್ರ ಅದು ತೋರಿಸುತ್ತದೆ. 2021ರ ಐಟಿ (ಮಾಹಿತಿ ತಂತ್ರಜ್ಞಾನ) ನಿಯಮಗಳು ಬಂದಾಗಿನಿಂದ ಒಟಿಟಿಯವರು ಪ್ರತಿ ಸಿನಿಮಾಗೂ ಯು, ಯು/ಎ 7+, ಯು/ಎ 13+, ಯು/ಎ 16+, ಎ ಅಂತ ಐದರಲ್ಲಿ ಒಂದು ಗುರುತು ಹಾಕಲೇಬೇಕು. ಯು ಅಂದರೆ ಎಲ್ಲರಿಗೂ, ಎ ಅಂದರೆ ದೊಡ್ಡವರಿಗೆ ಮಾತ್ರ, ಯು/ಎ ಅವೆರಡರ ನಡುವಿನದು. 13+ ಮತ್ತು ಅದಕ್ಕಿಂತ ಮೇಲಿನದಕ್ಕೆ ಪೋಷಕರು ಬೀಗ ಹಾಕುವ ಸೌಲಭ್ಯವನ್ನೂ ಕೊಡಬೇಕು. ನಾನು ತುಂಬಾ ದಿನ ತಪ್ಪು ತಿಳಿದುಕೊಂಡಿದ್ದ ವಿಷಯ ಒಂದಿದೆ. ಈ ಗುರುತು ಹಾಕುವುದು ಸೆನ್ಸಾರ್ ಮಂಡಳಿಯವರಲ್ಲ. ಮಂಡಳಿ ಸರ್ಟಿಫಿಕೇಟ್ ಕೊಡುವುದು ಥಿಯೇಟರಿಗೆ ಬರುವ ಸಿನಿಮಾಗಳಿಗೆ. ಆ್ಯಪ್‌ನಲ್ಲಿ ಕಾಣುವ ಗುರುತನ್ನು ಆ್ಯಪ್‌ನವರೇ ಹಾಕಿಕೊಳ್ಳುತ್ತಾರೆ. ಥಿಯೇಟರಿನ ಯುಎಯನ್ನೂ ಈಗ 7+, 13+, 16+ ಅಂತ ಒಡೆದಿದ್ದಾರೆ. 2023ರಲ್ಲಿ ಕಾಯ್ದೆ ತಿದ್ದಿ, 2024ರಲ್ಲಿ ನಿಯಮ ತಂದರು. ಒಳ್ಳೆಯದೇ ಆಯಿತು. ಮುಂಚೆ 12 ವರ್ಷದೊಳಗಿನವರಿಗೆ ದೊಡ್ಡವರ ಮಾರ್ಗದರ್ಶನ ಬೇಕು ಅಂತ ಒಂದೇ ಮಾತು ಇತ್ತು. ಆರು ವರ್ಷದವನೂ ಹನ್ನೊಂದು ವರ್ಷದವಳೂ ಒಂದೇ ಅನ್ನುವ ಹಾಗೆ.

ಇಷ್ಟರ ಮಟ್ಟಿಗೆ ವ್ಯವಸ್ಥೆ ಚೆನ್ನಾಗಿದೆ. ತಕರಾರು ಶುರುವಾಗುವುದು ಕನ್ನಡದ ಹತ್ತಿರ ಬಂದಾಗ.

ಮಕ್ಕಳ ಪ್ರೊಫೈಲ್‌ಗೆ ಹೋಗಿ ಭಾಷೆ ಕನ್ನಡ ಅಂತ ಆರಿಸಿ ನೋಡಿ. ಡಬ್ ಆದ ನಾಲ್ಕಾರು ಕಾರ್ಟೂನ್ ಬರುತ್ತವೆ, ಅಷ್ಟೇ. ಅತ್ತೆ ಒಂದು ದಿನ, 'ರಾಜ್‌ಕುಮಾರ್ ಅಂತ ಹುಡುಕೇ' ಅಂದರು. ಮಗಳು ಹುಡುಕಿದಳು. ಏನೂ ಸಿಗಲಿಲ್ಲ. ದೊಡ್ಡವರ ಪ್ರೊಫೈಲ್‌ಗೆ ಹೋದರೆ ಸಾಲಾಗಿ ನಿಂತಿವೆ! ಯು ಸರ್ಟಿಫಿಕೇಟ್ ಇದ್ದ ಸಿನಿಮಾಗಳೂ ಆ ಸಾಲಿನಲ್ಲಿವೆ. ಅಂದರೆ ನಿಷಿದ್ಧ ಅಂತೇನೂ ಅಲ್ಲ, ಇದು ಮಕ್ಕಳಿಗೂ ಆಗುತ್ತದೆ ಅಂತ ಗುರುತು ಹಾಕುವ ಕೆಲಸವನ್ನು ಯಾರೂ ಮಾಡಿಲ್ಲ ಅನ್ನುವುದು ನನ್ನ ಲೆಕ್ಕ. ಗ್ರಾಹಕ ಸೇವೆಗೆ ಎರಡು ಸಲ ಬರೆದೆ. 'ನಿಮ್ಮ ಸಲಹೆ ನಮಗೆ ಅಮೂಲ್ಯ' ಅಂತ ಎರಡು ಸಲವೂ ಉತ್ತರ ಬಂತು. ಅಕ್ಷರ ಕೂಡ ಬದಲಾಗಿರಲಿಲ್ಲ.

ಹೀಗಾಗಿ ನಮ್ಮ ಶನಿವಾರಗಳೆಲ್ಲ ದೊಡ್ಡವರ ಪ್ರೊಫೈಲ್‌ನಲ್ಲೇ ನಡೆಯುವ ಹಾಗಾಯಿತು. ಅಲ್ಲಿ ಹೊಕ್ಕ ತಕ್ಷಣ ಮೇಲುಗಡೆ ಯಾವುದೋ ದೆವ್ವದ ಸಿನಿಮಾದ ಟ್ರೈಲರ್ ತಾನಾಗಿಯೇ ಓಡುತ್ತದೆ. ರಿಮೋಟ್ ಹಿಡಿದು ನಾನು ತಡಕಾಡುವಷ್ಟರಲ್ಲಿ ಮಗ ನೋಡಿ ಮುಗಿಸಿರುತ್ತಾನೆ. ಇದನ್ನು ಸೆಟ್ಟಿಂಗ್ಸ್‌ನಲ್ಲಿ ನಿಲ್ಲಿಸಬಹುದು. ಆದರೆ ಪ್ರತಿ ಪ್ರೊಫೈಲ್‌ನಲ್ಲೂ ಬೇರೆ ಬೇರೆಯಾಗಿ ನಿಲ್ಲಿಸಬೇಕು ಅಂತ ಗೊತ್ತಾಗಲು ನನಗೆ ಎಂಟು ತಿಂಗಳು ಹಿಡಿಯಿತು. ಬೇರೇನೂ ಓದದಿದ್ದರೂ ಇದೊಂದನ್ನು ಇವತ್ತೇ ಮಾಡಿಕೊಳ್ಳಿ.

ಪಿನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಾಲ್ಕು ಅಂಕಿ ಹಾಕಿ ಬೀಗ ಹಾಕಿದ್ದೆ. ಎರಡನೇ ವಾರ ಮಗಳು ತಲೆ ಬಾಚಿಸಿಕೊಳ್ಳುತ್ತಾ, 'ಅಮ್ಮಾ, ಅದು ನಮ್ಮ ಹಳೇ ಸ್ಕೂಟರ್ ನಂಬರ್ ಅಲ್ವಾ' ಅಂತ ಕೇಳಿದಳು. ಬದಲಾಯಿಸಿದೆ. ಈಗಿನ ನಂಬರ್ ನನಗೇ ನೆನಪಿರುವುದಿಲ್ಲ, ಅವಳನ್ನೇ ಕೇಳುತ್ತೇನೆ.

ಹಳೇ ಸಿನಿಮಾ, ಯು ಸರ್ಟಿಫಿಕೇಟ್, ಕಣ್ಣು ಮುಚ್ಚಿಕೊಂಡು ಹಾಕಬಹುದು ಅಂತ ನಮ್ಮಲ್ಲಿ ಒಂದು ನಂಬಿಕೆ ಇದೆ. ನನಗೂ ಇತ್ತು. ಭಾನುವಾರ ಸಂಜೆ ದೂರದರ್ಶನದಲ್ಲಿ ಪಕ್ಕದ ಮನೆಯವರೆಲ್ಲ ಬಂದು ಕೂತು ನೋಡಿದ ಸಿನಿಮಾಗಳಲ್ಲವೇ ಅವು! ಈಗ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿದರೆ ಗೊತ್ತಾಗುತ್ತದೆ. ಖಳನಾಯಕ ಹುಡುಗಿಯನ್ನು ಎಳೆದುಕೊಂಡು ಹೋಗಿ ಬಾಗಿಲು ಹಾಕುವ ದೃಶ್ಯ ಇರುತ್ತದೆ. ಗಂಡ ಹೆಂಡತಿಯ ಕೆನ್ನೆಗೆ ಬಾರಿಸಿದರೆ ಅವಳಿಗೆ ಬುದ್ಧಿ ಬರುತ್ತದೆ. ದಪ್ಪಗಿರುವವರು, ಕಪ್ಪಗಿರುವವರು ಬಂದರೆ ಸಾಕು, ನಗಬೇಕು. ಇದೆಲ್ಲ ಯು ಹೇಗಾಯಿತು ಅಂತ ಯೋಚಿಸುತ್ತಿದ್ದೆ. ಕಾರಣ ಸಣ್ಣದು. 1983ರವರೆಗೆ ಇದ್ದದ್ದೇ ಎರಡು ಸರ್ಟಿಫಿಕೇಟ್, ಯು ಮತ್ತು ಎ. ಯುಎ ಬಂದದ್ದು ಆ ವರ್ಷ. ಅದಕ್ಕೂ ಮುಂಚೆ ಎ ಕೊಡುವಷ್ಟು ಇಲ್ಲ ಅಂದರೆ ಯು ಕೊಡಬೇಕು, ನಡುವೆ ಇನ್ನೊಂದಿಲ್ಲ. ಹಾಗಾಗಿ 1970ರ ದಶಕದ ಯು ನೋಡಿ ಇವತ್ತಿನ ಯು ಅಂದುಕೊಂಡರೆ ಮೋಸ ಹೋಗುತ್ತೀರಿ. ಒಂದು ಸಲ ನೋಡಿಬಿಟ್ಟು ಹಾಕಿ, ನೆನಪಿನ ಮೇಲೆ ಹಾಕಬೇಡಿ. ಹಾಡು ನೆನಪಿರುತ್ತದೆ, ಬಾಗಿಲು ಹಾಕಿದ್ದು ನೆನಪಿರುವುದಿಲ್ಲ.

ಇನ್ನು ನಮ್ಮನೆಯ ದೊಡ್ಡ ಪ್ರಕರಣಕ್ಕೆ ಬರುತ್ತೇನೆ.

ಎರಡು ವರ್ಷದ ಹಿಂದೆ ಅತ್ತೆಯ ಸರದಿ ಬಂದಿತ್ತು, 'ಭಕ್ತ ಪ್ರಹ್ಲಾದ' ಆರಿಸಿದರು. 1983ರದ್ದು, ಹಿರಣ್ಯಕಶಿಪು ರಾಜ್‌ಕುಮಾರ್, ಪ್ರಹ್ಲಾದ ಪುನೀತ್. ದೇವರ ಸಿನಿಮಾ, ಇದಕ್ಕಿಂತ ಒಳ್ಳೆಯದು ಬೇಕಾ? ನನಗೆ ಇದ್ದ ಒಂದೇ ಹೆದರಿಕೆ ಕೊನೆಯ ನರಸಿಂಹಾವತಾರ. ಮಗನಿಗೆ ಆಗ ಐದು ವರ್ಷ. ಕಂಬ ಒಡೆಯುವ ಹೊತ್ತಿಗೆ ಅವನನ್ನು ಅಡುಗೆಮನೆಗೆ ಕರೆದುಕೊಂಡು ಹೋಗಲು ಒಂದು ನೆಪ ಕೂಡ ಯೋಚಿಸಿಟ್ಟಿದ್ದೆ. ಆದರೆ ಅವನು ಅಲ್ಲಿಯವರೆಗೆ ಕಾಯಲೇ ಇಲ್ಲ. ಹಿರಣ್ಯಕಶಿಪು ಮಗನನ್ನು ಕೊಲ್ಲಿಸಲು ಹೊರಟಾಗ, ಅಲ್ಲಿಯತನಕ ಅಪ್ಪನ ತೊಡೆ ಮೇಲೆ ಕೂತಿದ್ದವನು ಮೆಲ್ಲಗೆ ಇಳಿದ. ತಟ್ಟೆ ಎತ್ತಿಕೊಂಡ. ಅಜ್ಜಿಯ ಆಚೆ ಬದಿ, ಗೋಡೆಗೆ ಒತ್ತಿಕೊಂಡು ಕೂತ.

'ಯಾಕೋ ಅಲ್ಲಿ?'

'ಇಲ್ಲೇ ಚೆನ್ನಾಗಿದೆ.'

ಯಜಮಾನರಿಗೆ ವಿಷಯ ಹೊಳೆಯಲಿಲ್ಲ. ಸಮಾಧಾನ ಮಾಡಲು ಹೋಗಿ, 'ಹೆದರ್ಕೋಬೇಡ ಪುಟ್ಟ, ಅದು ಸುಮ್ನೆ ಆ್ಯಕ್ಟಿಂಗು, ಅವರಿಬ್ಬರೂ ನಿಜವಾಗ್ಲೂ ಅಪ್ಪ ಮಗ' ಅಂದುಬಿಟ್ಟರು! ಮುಗೀತು. ನಿಜವಾದ ಅಪ್ಪನೇ? ಅವತ್ತಿಂದ ನಾಲ್ಕು ರಾತ್ರಿ ದಿಂಬು ಅಜ್ಜಿಯ ಮಂಚಕ್ಕೆ ಹೋಯಿತು. ನರಸಿಂಹ ಬಂದಾಗ ಮಾತ್ರ ಕಣ್ಣು ಪಿಳುಕಿಸದೆ ನೋಡಿ ಚಪ್ಪಾಳೆ ತಟ್ಟಿದ. ಅವನ ಕಣ್ಣಿಗೆ ಭಯದ್ದು ಉಗುರಲ್ಲ, ಅಪ್ಪ. ರಕ್ತ, ಬೈಗುಳ, ಸಿಗರೇಟು ಇವೆಲ್ಲಕ್ಕೂ ಆ್ಯಪ್‌ನಲ್ಲಿ ಗುರುತಿದೆ. ಸಿನಿಮಾ ಶುರುವಾದಾಗ ಮೂಲೆಯಲ್ಲಿ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಮೂಡಿ, ಅತ್ತೆ ಕನ್ನಡಕ ಹಾಕಿಕೊಳ್ಳುವಷ್ಟರಲ್ಲಿ ಮಾಯವಾಗುತ್ತದೆ. 'ಇದರಲ್ಲಿ ಅಪ್ಪ ಕೆಟ್ಟವನು' ಅಂತ ಹೇಳುವ ಗುರುತು ಯಾವುದರಲ್ಲೂ ಇಲ್ಲ.

ಚೆನ್ನಾಗಿ ಆದ ಶನಿವಾರಗಳೂ ಬೇಕಾದಷ್ಟಿವೆ, ಅವನ್ನು ಬರೆಯದಿದ್ದರೆ ತಪ್ಪಾಗುತ್ತದೆ. ನಾವು ಇಲ್ಲಿಯವರೆಗೆ ನೋಡಿದ್ದರಲ್ಲಿ ಐದೂ ಜನ ಕೊನೆಯತನಕ ಕೂತದ್ದು ಕನ್ನಡದ್ದೂ ಅಲ್ಲ, ಹಿಂದಿಯದೂ ಅಲ್ಲ, ಇರಾನಿನದು. ಮಾಜಿದ್ ಮಾಜಿದಿಯವರ 'ಚಿಲ್ಡ್ರನ್ ಆಫ್ ಹೆವನ್', 1997ರದ್ದು. ತಂಗಿಯ ಶೂ ಕಳೆದುಹಾಕುವ ಅಣ್ಣ, ಇರುವ ಒಂದೇ ಜೊತೆಯನ್ನು ಇಬ್ಬರೂ ಸರದಿಯಲ್ಲಿ ಹಾಕಿಕೊಂಡು ಸ್ಕೂಲಿಗೆ ಓಡುವುದು. ಮಾತು ಪರ್ಶಿಯನ್, ಸಬ್‌ಟೈಟಲ್ ಇಂಗ್ಲಿಷ್. ಅತ್ತೆಗೆ ಎರಡೂ ಬರುವುದಿಲ್ಲ. ಮಗಳು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳುತ್ತಾ ಹೋದಳು, ಹತ್ತು ನಿಮಿಷ ಆದಮೇಲೆ ಅತ್ತೆ 'ಸುಮ್ನಿರೇ, ನಂಗೊತ್ತಾಗ್ತಿದೆ' ಅಂದರು. ಕೊನೆಯಲ್ಲಿ ಓಟದ ಪಂದ್ಯ. ಮೂರನೇ ಬಹುಮಾನ ಒಂದು ಜೊತೆ ಶೂ. ಅಣ್ಣನಿಗೆ ಬೇಕಾದದ್ದು ಮೂರನೇ ಸ್ಥಾನ, ಆದರೆ ಓಡಿ ಓಡಿ ಮೊದಲನೆಯವನಾಗಿ ಬರುತ್ತಾನೆ. 'ಅಯ್ಯೋ, ಫಸ್ಟ್ ಬಂದ್ಬಿಟ್ನಲ್ಲೇ ಮುಂಡೇದು!' ಅಂತ ಅತ್ತೆ ಹಣೆ ಚಚ್ಚಿಕೊಂಡರು. ಮಗ ನಿಂತುಕೊಂಡಿದ್ದ. ಫಸ್ಟ್ ಬಂದದ್ದಕ್ಕೆ ಒಂದು ಮನೆಯಷ್ಟು ಜನ ಬೇಜಾರು ಮಾಡಿಕೊಂಡದ್ದು, ಈ ಊರಿನಲ್ಲಿ, ಅದೂ ಪರೀಕ್ಷೆ ಹತ್ತಿರ ಇದ್ದಾಗ, ನಾನು ನೋಡಿದ್ದು ಅದೇ ಮೊದಲು.

'ಬೆಟ್ಟದ ಹೂವು' ಹಾಕಿದಾಗ ಇನ್ನೊಂದು ಥರ. ಪುನೀತ್‌ಗೆ ರಾಷ್ಟ್ರ ಪ್ರಶಸ್ತಿ ತಂದುಕೊಟ್ಟ 1985ರ ಸಿನಿಮಾ. ಬೆಟ್ಟದಲ್ಲಿ ಹೂವು ಹುಡುಕಿ ಮಾರಿ, ಕುವೆಂಪು ಅವರ 'ಶ್ರೀ ರಾಮಾಯಣ ದರ್ಶನಂ' ಕೊಳ್ಳಬೇಕು ಅಂತ ಕಾಸು ಕೂಡಿಡುವ ಹುಡುಗ ಕೊನೆಗೆ ಮನೆಯವರಿಗೆ ಕಂಬಳಿ ತರುತ್ತಾನೆ. ನಾನು ಕಣ್ಣೊರೆಸಿಕೊಂಡೆ. ಮಗಳಿಗೆ ಸಿಟ್ಟು ಬಂದಿತ್ತು. 'ಕಂಬಳಿ ತರೋದು ದೊಡ್ಡವರ ಕೆಲಸ ಅಲ್ವಾ ಅಮ್ಮ? ಅವನ್ಯಾಕೆ ಬುಕ್ ಬಿಡಬೇಕಿತ್ತು?' ಅಂತ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅತ್ತೆ ಹೇಳಿದರು, ತಾವು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟದ್ದು ತಮ್ಮಂದಿರನ್ನು ನೋಡಿಕೊಳ್ಳಲು ಅಂತ. ಮದುವೆಯಾಗಿ ಹದಿನೈದು ವರ್ಷವಾಯಿತು, ನನಗೆ ಗೊತ್ತೇ ಇರಲಿಲ್ಲ. ಅವತ್ತು ಹನ್ನೊಂದೂವರೆಗೆ ಮಲಗಿದೆವು.

'ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು' ಮೂರು ಸಲ ಆಗಿದೆ, ನಾಲ್ಕನೆಯದನ್ನು ನಾನು ತಡೆದಿದ್ದೇನೆ. '777 ಚಾರ್ಲಿ' ಹಾಕುವ ಮುಂಚೆ, ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ನಾಯಿ ಸಾಕಲು ಬಿಡುತ್ತಾರಾ ಅಂತ ವಿಚಾರಿಸಿಕೊಳ್ಳಿ, ಟಿಶ್ಯೂ ಡಬ್ಬ ಹತ್ತಿರ ಇಟ್ಟುಕೊಳ್ಳಿ.

ಕೊನೆಯದಾಗಿ ಒಂದು. ಈ ಗುರುತುಗಳೆಲ್ಲ ಕೇಳುವುದು ಒಂದೇ ಪ್ರಶ್ನೆ, ನೋಡುವವರು ಎಷ್ಟು ಚಿಕ್ಕವರು ಅಂತ. ಹೋದ ವರ್ಷ ಯಜಮಾನರ ಸರದಿಯಲ್ಲಿ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ಹಾಕಿದೆವು. ರೌಡಿಗಳ ಕತೆ ಬರುತ್ತದೆ ಅಂತ ಮಗನನ್ನು ಮೊದಲೇ ಮಲಗಿಸಿದ್ದೆವು. ಅಷ್ಟು ಜಾಗ್ರತೆ ನಮ್ಮದು. ಅನಂತ್ ನಾಗ್ ಅದರಲ್ಲಿ ಆಲ್ಝೈಮರ್ ಬಂದು, ಬೆಂಗಳೂರಿನಲ್ಲೇ ಕಳೆದುಹೋಗುವ ಅಪ್ಪ. ಅರ್ಧ ಗಂಟೆ ಆಗಿರಬೇಕು, 'ನೀರು ಕುಡಿದು ಬರ್ತೀನಿ' ಅಂತ ಅತ್ತೆ ಎದ್ದು ಹೋದರು. ವಾಪಸ್ ಬರಲಿಲ್ಲ. ಹೋಗಿ ನೋಡಿದರೆ ಲೈಟ್ ಹಾಕಿಕೊಂಡು ಮಂಚದ ಮೇಲೆ ಕೂತಿದ್ದರು. ಅವರ ಅಕ್ಕ ಕೊನೆಯ ಎರಡು ವರ್ಷ ಯಾರನ್ನೂ ಗುರುತು ಹಿಡಿಯುತ್ತಿರಲಿಲ್ಲ ಅನ್ನುವುದು ಆಗ ನನಗೆ ನೆನಪಾಯಿತು.

'ಚೆನ್ನಾಗಿಲ್ವಾ ಅತ್ತೆ?'

'ಸಿನಿಮಾ ಚೆನ್ನಾಗೇ ಇದೆಯಮ್ಮ. ಅನಂತ್ ನಾಗ್ ಬಹಳ ಚೆನ್ನಾಗಿ ಮಾಡಿದ್ದಾನೆ. ಅದಕ್ಕೇ ಎದ್ದು ಬಂದೆ.'

ಆ ಸಿನಿಮಾವನ್ನು ನಾವು ಇನ್ನೂ ಪೂರ್ತಿ ನೋಡಿಲ್ಲ.

ಅದಾದ ಮೇಲೆ ಮಗಳು ಹಳೇ ಗಣಿತದ ನೋಟ್‌ಬುಕ್‌ನ ಖಾಲಿ ಹಾಳೆಗಳನ್ನು ಹೊಲಿದು ಟಿವಿ ಪಕ್ಕ ಇಟ್ಟಿದ್ದಾಳೆ. ಸಿನಿಮಾ ಹೆಸರು, ಎಷ್ಟು ಹೊತ್ತು, ಅದರ ಮುಂದೆ ಅವಳದೇ ಗುರುತು. 'ಅಜ್ಜಿಗೆ ಬೇಡ.' 'ಅಪ್ಪ ಕೆಟ್ಟೋನು.' 'ನಾಯಿ ಇದೆ, ತಮ್ಮ ಹಟ ಮಾಡ್ತಾನೆ.' 'ಅಮ್ಮ ಮಲಗಿದಳು.' ಕೊನೆಯದು ನಾಲ್ಕು ಕಡೆ ಇದೆ. ಯಾವುದಾದರೂ ಹೊಸದು ಹಾಕುವ ಮುಂಚೆ ಶುಕ್ರವಾರ ರಾತ್ರಿ ನಾನು ಇಲ್ಲವೇ ಯಜಮಾನರು ಓಡಿಸಿ ಓಡಿಸಿ ನೋಡಿರುತ್ತೇವೆ. ಆದರೂ ನಂಬುವುದು ನೋಟ್‌ಬುಕ್ಕನ್ನೇ.

ಹಾಗಾದರೆ ಚಂದಾ ಮುಂದುವರಿಸುತ್ತೀರಾ ಅಂದರೆ, ಹೌದು, ಒಂದನ್ನು ಮಾತ್ರ. ಸಿನಿಮಾ ಅಲ್ಲೇ ಇದೆ, ಏನು ಮಾಡುವುದು. ಪುಟ್ಟ ಮಕ್ಕಳನ್ನು ಕಾರ್ಟೂನ್ ಮುಂದೆ ಕೂರಿಸಿ ಅಡುಗೆ ಮಾಡಬೇಕು ಅನ್ನುವವರಿಗೆ ಮಕ್ಕಳ ಪ್ರೊಫೈಲ್ ಧಾರಾಳವಾಗಿ ಸಾಕು, ಅವರು ನಾಲ್ಕು ಸ್ಟಾರ್ ಅಂತಲೇ ತಿಳಿದುಕೊಳ್ಳಿ. ಮನೆಮಂದಿಯೆಲ್ಲ ಕೂತು ಕನ್ನಡ ಸಿನಿಮಾ ನೋಡಬೇಕು ಅನ್ನುವವರಿಗೆ ಎರಡೂವರೆ.

ಈ ಶನಿವಾರ ಮಗನ ಸರದಿ. 'ಪ್ರಹ್ಲಾದ ಇನ್ನೊಂದ್ಸಲ' ಅಂತ ಸೋಮವಾರದಿಂದಲೇ ಹೇಳುತ್ತಿದ್ದಾನೆ. ಗೋಡೆ ಪಕ್ಕದ ಜಾಗ ತನಗೇ ಅಂತಲೂ ಹೇಳಿಟ್ಟಿದ್ದಾನೆ.