ಡ್ರೈವರ್‌ಗೆ ತೂಕ ಹಾಕಿಸುವ ಮುಂಚೆ ಇದನ್ನು ಓದಿ

ಮೈಸೂರಿನಲ್ಲಿ ಗಾಲ್ಫ್ ಆಡುವವರೇ, ದಯವಿಟ್ಟು ಪೂರ್ತಿ ಓದಿ. ಡ್ರೈವರ್ ಅಂದರೆ ದೂರ ಹೊಡೆಯುವ ಗಾಲ್ಫ್ ಕ್ಲಬ್ (ಕೋಲು). ಅದರ ಹೆಡ್‌ಗೆ, ಅಂದರೆ ಬಾಲ್‌ಗೆ ತಾಗುವ ತುದಿಗೆ, ತೂಕ ಹಾಕಿದರೆ ಬಾಲ್ ದೂರ ಹೋಗುತ್ತದೆ ಅಂತ ಹೇಳಿ ನನ್ನ ಹತ್ತಿರ 6,500 ರೂಪಾಯಿ ಕಿತ್ತರು. ಅಂಗಡಿ ಹೆಸರು ಬರೆಯುವುದಿಲ್ಲ, ಆ ತಲೆನೋವು ಬೇರೆ ಬೇಡ.

ಅಂಗಡಿಯಾತ ಹೇಳಿದ್ದು ಹೀಗೆ: "ಸಾರ್, ನಿಮ್ಮ ಹೆಡ್ 200 ಗ್ರಾಂ. 20 ಗ್ರಾಂ ಸೇರಿಸಿದ್ರೆ ನೂರಕ್ಕೆ 10 ಜಾಸ್ತಿ. ಬಾಲ್ ಸ್ಪೀಡೂ ಅಷ್ಟೇ ಜಾಸ್ತಿ. ಎಫ್ ಈಕ್ವಲ್ಸ್ ಎಂ ಎ ಅಲ್ವಾ ಸಾರ್, ಸ್ಕೂಲಲ್ಲೇ ಓದಿರ್ತೀರ."

ವೇಗ ಅಳೆಯುವ ಮಷಿನ್ ಮುಂದೆ ಹೊಡೆಸಿದ. ಬಾಲ್ ಸ್ಪೀಡ್ ಗಂಟೆಗೆ 125 ಮೈಲಿ. ಆಮೇಲೆ ಸೀಸದ ಟೇಪ್ ಅಂಟಿಸಿ, "ಈಗ ಹೆದರದೆ ಬೀಸಿ ಸಾರ್" ಅಂದ. 134! ದುಡ್ಡು ಕೊಟ್ಟೆ. ಟೇಪ್ ಕಿತ್ತು, ಅಷ್ಟೇ ತೂಕದ ಗಮ್ ಕಾಯಿಸಿ ಹೆಡ್ ಒಳಗೇ ಸುರಿದುಕೊಟ್ಟ. ಗ್ರೌಂಡಿನಲ್ಲಿ ನೋಡಿದರೆ ಒಂದು ಗಜವೂ ಜಾಸ್ತಿ ಇಲ್ಲ, ಬಾಲೆಲ್ಲ ಬಲಕ್ಕೆ.

ಪಿಯುಸಿ ಓದುವ ಮಗಳು ನನ್ನ ಫೋನಿನಲ್ಲಿದ್ದ ಆ ಮಷಿನ್ ಸ್ಕ್ರೀನಿನ ಫೋಟೋ ದೊಡ್ಡದು ಮಾಡಿ, "ಅಪ್ಪ, ಮೂಲೇಲಿ ಕ್ಲಬ್ ಸ್ಪೀಡ್ ಬೇರೆ ಬೇರೆ ಇದೆಯಲ್ಲ?" ಅಂದಳು. ಅಂದರೆ ನಾನು ಬೀಸಿದ ವೇಗ, ಮೊದಲು 86, ಆಮೇಲೆ 92. ಬಾಲ್ ಸ್ಪೀಡನ್ನು ಇದರಿಂದ ಭಾಗಿಸಿ ನೋಡಿ. ಎರಡು ಸಲವೂ ಹೆಚ್ಚು ಕಡಿಮೆ 1.45! ತೂಕದಿಂದ ಏನೂ ಆಗಿರಲಿಲ್ಲ. ಮೈ ಬಿಸಿಯಾಗಿ ನಾನೇ ಜೋರಾಗಿ ಬೀಸಿದ್ದೆ. ಆ ಮೂಲೆಯನ್ನು ಆತ ಒಂದು ಸಲವೂ ತೋರಿಸಲಿಲ್ಲ. ಮಗಳ ಮುಂದೆ ಮುಖ ಎಲ್ಲಿ ಇಟ್ಟುಕೊಳ್ಳಲಿ? ಕಿವಿ ಮೇಲೆ ಹೂವಲ್ಲ, ಮಾರನ್ನೇ ಇಟ್ಟು ಕಳಿಸಿದ್ದಾನೆ.

ಲೆಕ್ಕ ಕೇಳಿ. ಆಟದ ನಿಯಮದಂತೆ ಬಾಲ್ 45.93 ಗ್ರಾಂ ಮೀರುವ ಹಾಗಿಲ್ಲ. ಹೆಡ್ ಆಗಲೇ ಅದರ ನಾಲ್ಕು ಪಟ್ಟಿಗಿಂತ ಭಾರ. ಹೆಡ್‌ನಿಂದ ಬಾಲ್ ಪುಟಿಯುವ ಗುಣಕ್ಕೂ 0.83 ಅಂತ ಮಿತಿ ಇದೆ. ನಟ್ಟ ನಡುವೆ ತಾಗಿದರೆ 200 ಗ್ರಾಂ ಹೆಡ್ ತನ್ನ ವೇಗದ 1.49 ಪಟ್ಟು ಕೊಡುತ್ತದೆ, 220 ಗ್ರಾಂ ಇದ್ದರೆ 1.51. ನೂರಕ್ಕೆ ಎರಡೂ ಇಲ್ಲ! ಅದೂ ಬೀಸುವ ವೇಗ ಇಳಿಯದಿದ್ದರೆ. ಅಷ್ಟೇ ಬಲ ಹಾಕಿ ಬೀಸುವಾಗ ಭಾರ ಜಾಸ್ತಿಯಾದರೆ ಕೈ ನಿಧಾನ ಆಗೇ ಆಗುತ್ತದೆ. ಚಾಮುಂಡಿ ಬೆಟ್ಟವನ್ನೇ ಶಾಫ್ಟ್‌ಗೆ ಕಟ್ಟಿದರೂ ಒಂದಕ್ಕೆ ಆ 0.83 ಕೂಡಿಸಿದ 1.83 ಪಟ್ಟು ದಾಟುವುದಿಲ್ಲ ಸ್ವಾಮಿ. ಬೆಟ್ಟ ಬೀಸುವವರು ಯಾರು, ಅದು ಬೇರೆ ಮಾತು.

ಫೋನ್ ಮಾಡಿದರೆ "ಹೊಸ ತೂಕಕ್ಕೆ ಕೈ ಒಗ್ಗಬೇಕು ಸಾರ್" ಅಂದ. ಇನ್ನೊಂದು ಸಲ ಮಾಡಿದರೆ "ನಿಮ್ಮ ಸ್ವಿಂಗೇ ಸರಿ ಇಲ್ಲ" ಅಂದ. ದುಡ್ಡು ಕೊಡುವ ತನಕ ನನ್ನ ಸ್ವಿಂಗ್ ಸೂಪರ್ ಆಗಿತ್ತು! ಕೊನೆಗೆ "ಇನ್ನೊಂದು 10 ಗ್ರಾಂ ಹಾಕಿಸಿ, ಡಿಸ್ಕೌಂಟ್ ಕೊಡ್ತೀನಿ" ಅಂತೆ. ಫೋಟೋ ಕಳಿಸಿದೆ. ನೀಲಿ ಟಿಕ್ ಬಿತ್ತು, ಉತ್ತರ ಇಲ್ಲ.

ಯಾರಾದರೂ ಹೀಗೆ ಮಷಿನ್ ತೋರಿಸಿದರೆ ಕ್ಲಬ್ ಸ್ಪೀಡನ್ನೂ ಕೇಳಿ, ಅಲ್ಲೇ ಭಾಗಿಸಿ. ಒಳಗೆ ಗಮ್ ಮಾತ್ರ ಸುರಿಸಬೇಡಿ. ನನ್ನದನ್ನು ತೆಗೆದುಕೊಡಿ ಅಂದಿದ್ದಕ್ಕೆ ಅದಕ್ಕೆ ಬೇರೆ ಚಾರ್ಜ್ ಅಂತೆ.